ಶಿನೇಡ್ ಓ’ಕಾನರ್ ಹರಿದದ್ದು ಯಾವ ಫೋಟೊ?

1992ರ ಅಕ್ಟೋಬರ್ 3, ಶನಿವಾರ ರಾತ್ರಿ. ನ್ಯೂಯಾರ್ಕಿನಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಟಿವಿ ಕಾರ್ಯಕ್ರಮ ನಡೆಯುತ್ತಿದೆ. ಹೆಸರೇ ಹೇಳುವ ಹಾಗೆ ನೇರ ಪ್ರಸಾರ. ಬಿಳಿ ಲೇಸಿನ ಉಡುಪು ತೊಟ್ಟ, ತಲೆ ನುಣ್ಣಗೆ ಬೋಳಿಸಿಕೊಂಡ ಇಪ್ಪತ್ತೈದು ವರ್ಷದ ಗಾಯಕಿ ಮೈಕಿನ ಮುಂದೆ ನಿಂತಿದ್ದಾಳೆ. ಪಕ್ಕದಲ್ಲಿ ಮೇಣದಬತ್ತಿಗಳು ಉರಿಯುತ್ತಿವೆ. ಗಿಟಾರಿಲ್ಲ, ಡ್ರಮ್ಮಿಲ್ಲ, ಬರೀ ದನಿ. ಹಾಡು ಜಮೈಕಾದ ಗಾಯಕ ಬಾಬ್ ಮಾರ್ಲಿಯ ‘ವಾರ್’. ಕೊನೆಯ ಸಾಲಿಗೆ ಬರುವಾಗ ಅವಳ ಕೈಯಲ್ಲಿ ಒಂದು ಫೋಟೊ ಕಾಣಿಸುತ್ತದೆ. ಪೋಪ್ ಎರಡನೇ ಜಾನ್ ಪಾಲ್ ಅವರದು. ಕ್ಯಾಮೆರಾವನ್ನೇ ದಿಟ್ಟಿಸುತ್ತಾ ಅದನ್ನು ಚೂರು ಚೂರು ಮಾಡುತ್ತಾಳೆ. ನಿಜವಾದ ಶತ್ರುವಿನ ಜೊತೆ ಹೋರಾಡಿ ಅಂತ ಹೇಳಿ ಚೂರುಗಳನ್ನು ಕ್ಯಾಮೆರಾದ ಕಡೆಗೆ ಎಸೆಯುತ್ತಾಳೆ. ಆಮೇಲೆ ಮೇಣದಬತ್ತಿ ಆರಿಸಿ ಹೊರಟುಬಿಡುತ್ತಾಳೆ.

ಇಂಥ ಕಾರ್ಯಕ್ರಮಗಳಲ್ಲಿ ಯಾವಾಗ ಚಪ್ಪಾಳೆ ತಟ್ಟಬೇಕು ಅಂತ ಪ್ರೇಕ್ಷಕರಿಗೆ ತಿಳಿಸೋಕೆ ಒಂದು ಲೈಟ್ ಬೋರ್ಡ್ ಇರುತ್ತದೆ. ಅವತ್ತು ನಿರ್ಮಾಪಕರು ಆ ಬೋರ್ಡನ್ನು ಹಚ್ಚಬೇಡಿ ಅಂದರು. ಹಾಗಾಗಿ ಹಾಡು ಮುಗಿದ ಮೇಲೆ ಸ್ಟುಡಿಯೊದಲ್ಲಿ ಸದ್ದೇ ಇಲ್ಲ. ಆ ತುಣುಕನ್ನು ನೋಡುವಾಗ ಫೋಟೊ ಹರಿದ ಸದ್ದಿಗಿಂತ ಈ ಮೌನವೇ ಜಾಸ್ತಿ ಕಿವಿಗೆ ಹೊಡೆಯುತ್ತದೆ.

ಆಕೆ ಶಿನೇಡ್ ಓ’ಕಾನರ್. ಐರ್ಲೆಂಡಿನ ಗಾಯಕಿ. ಅವಳ ಬಗ್ಗೆ ಹೆಚ್ಚಿನವರಿಗೆ ಎರಡೇ ಸಂಗತಿ ಗೊತ್ತು. ಒಂದು, ಕ್ಯಾಮೆರಾ ಮುಂದೆ ಕಣ್ಣೀರು ಹಾಕುತ್ತಾ ಹಾಡಿದ ‘ನಥಿಂಗ್ ಕಂಪೇರ್ಸ್ ಟು ಯು’. ಇನ್ನೊಂದು, ಈ ಫೋಟೊ. ಇವೆರಡನ್ನೂ ಸೇರಿಸಿ ಒಂದು ಕಥೆ ಹುಟ್ಟಿಕೊಂಡಿತು: ಜಗತ್ತೇ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದ ಹುಡುಗಿ, ಒಂದು ರಾತ್ರಿ ಹುಚ್ಚಾಟ ಆಡಿ ತನ್ನ ಕೆರಿಯರ್‌ಗೆ ತಾನೇ ಕೊಳ್ಳಿ ಇಟ್ಟುಕೊಂಡಳು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ ಹರಿದದ್ದು ಯಾವ ಫೋಟೊ, ಅದು ಎಲ್ಲಿಂದ ಬಂತು ಅಂತ ಗೊತ್ತಾದ ಮೇಲೆ ಕಥೆ ಬೇರೆಯೇ ಆಗುತ್ತದೆ.

ಅದು ಅಂಗಡಿಯಲ್ಲಿ ಕೊಂಡ ಫೋಟೊ ಅಲ್ಲ. ಅವಳ ಅಮ್ಮನ ಮಲಗುವ ಕೋಣೆಯ ಗೋಡೆಯ ಮೇಲಿದ್ದ ಫೋಟೊ. 1985ರ ಫೆಬ್ರವರಿಯಲ್ಲಿ ಅಮ್ಮ ಕಾರ್ ಅಪಘಾತದಲ್ಲಿ ಸತ್ತರು. ಆಗ ಶಿನೇಡ್‌ಗೆ ಹದಿನೆಂಟು. ಮನೆ ಖಾಲಿ ಮಾಡುವಾಗ ಗೋಡೆಯಿಂದ ಆ ಫೋಟೊ ತೆಗೆದುಕೊಂಡಳು. ಒಂದಲ್ಲ ಒಂದು ದಿನ ಇದನ್ನು ಹರಿಯಬೇಕು ಅಂತಲೇ ಏಳು ವರ್ಷ ಮನೆಯಿಂದ ಮನೆಗೆ ಹೊತ್ತುಕೊಂಡು ತಿರುಗಿದಳು. ಇದನ್ನೆಲ್ಲ 2021ರಲ್ಲಿ ಬಂದ ತನ್ನ ಆತ್ಮಕಥೆ ‘ರಿಮೆಂಬರಿಂಗ್ಸ್’ನಲ್ಲಿ ಅವಳೇ ಬರೆದಿದ್ದಾಳೆ.

ಹಾಗಾದರೆ ಅಮ್ಮನ ಗೋಡೆಯ ಮೇಲೆ ಪೋಪ್ ಯಾಕಿದ್ದರು? ಅದಕ್ಕೆ ಆ ಕಾಲದ ಐರ್ಲೆಂಡ್ ಹೇಗಿತ್ತು ಅಂತ ಸ್ವಲ್ಪ ತಿಳಿಯಬೇಕು.

ಶಿನೇಡ್ ಹುಟ್ಟಿದ್ದು 1966ರ ಡಿಸೆಂಬರ್ 8ರಂದು, ಡಬ್ಲಿನ್‌ನಲ್ಲಿ. ಆಗ ಐರ್ಲೆಂಡಿನ ಸಂವಿಧಾನದಲ್ಲೇ ಕ್ಯಾಥೊಲಿಕ್ ಚರ್ಚಿಗೆ ‘ವಿಶೇಷ ಸ್ಥಾನ’ ಇದೆ ಅಂತ ಬರೆದಿತ್ತು. ಅದನ್ನು ತೆಗೆದದ್ದು 1973ರಲ್ಲಿ. ಬರಹದಿಂದ ತೆಗೆದರೂ ಬದುಕಿನಿಂದ ಹೋಗಲಿಲ್ಲ. ಶಾಲೆ ಚರ್ಚಿನದು, ಆಸ್ಪತ್ರೆ ಎಷ್ಟೋ ಕಡೆ ಚರ್ಚಿನದು, ಅನಾಥಾಲಯ ಚರ್ಚಿನದು. ಗರ್ಭನಿರೋಧಕ ಮಾರುವುದು 1979ರ ಕಾನೂನು ಬರುವ ತನಕ ಅಪರಾಧ. ವಿಚ್ಛೇದನ ಅನ್ನುವುದೇ ಇರಲಿಲ್ಲ. ಅದಕ್ಕೆ ಜನ ಒಪ್ಪಿಗೆ ಕೊಟ್ಟದ್ದು 1995ರ ಜನಮತ ಗಣನೆಯಲ್ಲಿ, ಅದೂ ಇಡೀ ದೇಶದಲ್ಲಿ ಸುಮಾರು ಒಂಬತ್ತು ಸಾವಿರ ಮತಗಳ ಅಂತರದಲ್ಲಿ. 1979ರಲ್ಲಿ ಪೋಪ್ ಜಾನ್ ಪಾಲ್ ಐರ್ಲೆಂಡಿಗೆ ಬಂದಾಗ ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ದೇಶದ ಜನಸಂಖ್ಯೆ ಮೂವತ್ತೈದು ಲಕ್ಷವೂ ಇರಲಿಲ್ಲ ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. ಅಂಥ ನಾಡಿನಲ್ಲಿ ಮನೆಯ ಗೋಡೆ ಮೇಲೆ ಪೋಪ್ ಫೋಟೊ ಇರುವುದು ವಿಶೇಷವೇನಲ್ಲ. ಇಲ್ಲದಿದ್ದರೆ ಅದು ವಿಶೇಷ.

ಇನ್ನು ಆ ಮನೆ. ಶಿನೇಡ್‌ಗೆ ಎಂಟು-ಒಂಬತ್ತು ವರ್ಷವಾಗಿದ್ದಾಗ ಅಪ್ಪ ಅಮ್ಮ ಬೇರೆಯಾದರು. ವಿಚ್ಛೇದನವೇ ಇಲ್ಲದ ದೇಶದಲ್ಲಿ ಬೇರೆಯಾಗುವುದೆಂದರೆ ಊರ ಬಾಯಿಗೆ ಆಹಾರ ಆದಂತೆ. ಎಂಜಿನಿಯರ್ ಆಗಿದ್ದ ಅಪ್ಪ ಮುಂದೆ ಕಾನೂನು ಓದಿ ವಕೀಲರಾದರು, ವಿಚ್ಛೇದನದ ಹಕ್ಕಿಗಾಗಿ ನಡೆದ ಹೋರಾಟದ ಮುಂಚೂಣಿಯಲ್ಲಿ ನಿಂತರು. ಅಮ್ಮನ ಜೊತೆ ಇದ್ದಾಗಿನ ದಿನಗಳು ಮಾತ್ರ ಭೀಕರ. ಹೊಡೆತ, ಬೈಗುಳ, ರಾತ್ರಿ ಮನೆಯಿಂದ ಹೊರಗೆ ತೋಟಕ್ಕೆ ದೂಡಿ ಬಾಗಿಲು ಹಾಕಿಕೊಳ್ಳುವುದು. ಇದನ್ನು ಶಿನೇಡ್ ಬದುಕಿನುದ್ದಕ್ಕೂ ಹೇಳುತ್ತಲೇ ಬಂದಳು. ಹೊಡೆಯುವ ಕೈ ಒಂದು ಕಡೆ. ಅದೇ ಕೋಣೆಯ ಗೋಡೆ ಮೇಲೆ ಆಶೀರ್ವಾದ ಮಾಡುತ್ತಾ ನಗುವ ಪೋಪ್ ಇನ್ನೊಂದು ಕಡೆ. ಮಗುವಿನ ಕಣ್ಣಿಗೆ ಇವೆರಡೂ ಒಂದೇ ಚಿತ್ರವಾಗಿ ಕೂತುಬಿಟ್ಟರೆ ಆಶ್ಚರ್ಯವಿಲ್ಲ, ಅಲ್ವಾ?

ಕಳ್ಳತನದ ಚಾಳಿ ಹತ್ತಿದ್ದೂ ಅಮ್ಮನಿಂದಲೇ ಅಂತ ಬರೆದಿದ್ದಾಳೆ. ಅಂಗಡಿಯಲ್ಲಿ ಕದಿಯುತ್ತಾ ಸಿಕ್ಕಿಬಿದ್ದಳು. ಹದಿನಾಲ್ಕು-ಹದಿನೈದರ ವಯಸ್ಸಿನಲ್ಲಿ ಡಬ್ಲಿನ್‌ನ ಡ್ರಮ್‌ಕಾಂಡ್ರಾದಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ‘ಆನ್ ಗ್ರಿಯಾನಾನ್’ ಎಂಬ ಸುಧಾರಣಾ ಕೇಂದ್ರಕ್ಕೆ ಅವಳನ್ನು ಸೇರಿಸಿದರು. ಅಲ್ಲಿದ್ದದ್ದು ಹದಿನೆಂಟು ತಿಂಗಳು. ಆ ಕೇಂದ್ರ ಇದ್ದದ್ದು ಹೈ ಪಾರ್ಕ್ ಎಂಬ ಕಾನ್ವೆಂಟಿನ, ಅಂದರೆ ಸನ್ಯಾಸಿನಿಯರ ಮಠದ, ಆವರಣದಲ್ಲಿ. ಅದೇ ಆವರಣದಲ್ಲಿ ಒಂದು ಮ್ಯಾಗ್ಡಲೀನ್ ಲಾಂಡ್ರಿಯೂ ಇತ್ತು.

ಮ್ಯಾಗ್ಡಲೀನ್ ಲಾಂಡ್ರಿ ಎಂದರೆ ಹೆಸರಿಗೆ ಬಟ್ಟೆ ಒಗೆಯುವ ಜಾಗ. ಮದುವೆಯಾಗದೆ ಬಸಿರಾದವರು, ದಾರಿ ತಪ್ಪಿದವರು ಅಂತ ಮನೆಯವರೋ ಪಾದ್ರಿಯೋ ಹಣೆಪಟ್ಟಿ ಹಚ್ಚಿದವರು, ಅನಾಥಾಲಯದಲ್ಲಿ ಬೆಳೆದು ಹೋಗಲು ದಿಕ್ಕಿಲ್ಲದವರು, ಇಂಥ ಹೆಣ್ಣುಮಕ್ಕಳನ್ನು ಅಲ್ಲಿಗೆ ದೂಡುತ್ತಿದ್ದರು. ಅವರು ಹೋಟೆಲು, ಆಸ್ಪತ್ರೆ, ಸರ್ಕಾರಿ ಸಂಸ್ಥೆಗಳ ಬಟ್ಟೆ ಒಗೆಯಬೇಕು, ಇಸ್ತ್ರಿ ಮಾಡಬೇಕು. ಸಂಬಳ ಇಲ್ಲ. ಬಾಗಿಲಿಗೆ ಬೀಗ. ಎಷ್ಟೋ ಕಡೆ ಹುಟ್ಟುಹೆಸರನ್ನೂ ಬದಲಾಯಿಸಿಬಿಡುತ್ತಿದ್ದರು. 1922ರಿಂದ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಈ ಲಾಂಡ್ರಿಗಳನ್ನು ಹೊಕ್ಕಿದ್ದರು ಅಂತ ಸರ್ಕಾರದ್ದೇ ಸಮಿತಿ ಮುಂದೆ ಲೆಕ್ಕ ಕೊಟ್ಟಿತು. ಸುಮಾರು ಕಾಲು ಭಾಗದಷ್ಟು ಜನರನ್ನು ಒಳಗೆ ಕಳಿಸುವುದರಲ್ಲಿ ಸರ್ಕಾರದ ಕೈವಾಡ ಇತ್ತು ಅಂತಲೂ ಹೇಳಿತು. ಕೊನೆಯ ಲಾಂಡ್ರಿ ಮುಚ್ಚಿದ್ದು 1996ರಲ್ಲಿ. ಹಳೇ ಕಾಲದ ಕಥೆ ಅಂದುಕೊಂಡು ಓದುತ್ತಿದ್ದರೆ ಆ ಇಸವಿಯನ್ನು ಇನ್ನೊಮ್ಮೆ ನೋಡಿ.

ಶಿನೇಡ್ ಲಾಂಡ್ರಿಯ ಕೈದಿ ಆಗಿರಲಿಲ್ಲ. ಅವಳಿದ್ದ ಕೇಂದ್ರ ಬೇರೆ. ಆದರೆ ಒಂದು ರಾತ್ರಿ, ಓಡಿಹೋಗಲು ನೋಡಿದ್ದಕ್ಕೆ ಶಿಕ್ಷೆ ಅಂತ, ಅದೇ ಕಟ್ಟಡದಲ್ಲಿದ್ದ ಮುದುಕಿಯರ ವಾರ್ಡಿನಲ್ಲಿ ಮಲಗು ಅಂತ ಕಳಿಸಿದರು. ಸಾಲಾಗಿ ಮಂಚಗಳು. ಸಾಯುವ ಹಂತದಲ್ಲಿದ್ದ ಹೆಂಗಸರು ಕತ್ತಲಲ್ಲಿ ನರ್ಸ್‌ಗಾಗಿ ಕೂಗುತ್ತಿದ್ದಾರೆ. ಯಾರೂ ಬರುತ್ತಿಲ್ಲ. ಬದುಕಿಡೀ ಲಾಂಡ್ರಿಯಲ್ಲಿ ದುಡಿದವರು ಅವರು. ದಾರಿಗೆ ಬರದಿದ್ದರೆ ನಿನ್ನ ಗತಿಯೂ ಇದೇ ಅಂತ ಬಾಯಿಬಿಟ್ಟು ಹೇಳದೆಯೇ ಆ ರಾತ್ರಿ ತನಗೆ ತೋರಿಸಿದರು ಅಂತ ಅವಳು ಆಮೇಲೆ ನೆನೆದಿದ್ದಾಳೆ.

ಇಲ್ಲೇ ಕಥೆಗೆ ಇನ್ನೊಂದು ಮಗ್ಗುಲಿದೆ. ಅದೇ ಕೇಂದ್ರದಲ್ಲಿ ಸಿಸ್ಟರ್ ಮಾರ್ಗರೆಟ್ ಎಂಬ ಸನ್ಯಾಸಿನಿ ಇದ್ದರು. ಈ ಹುಡುಗಿಯನ್ನು ಹೇಗೆ ಹಿಡಿತಕ್ಕೆ ತರುವುದು ಅಂತ ತಿಳಿಯದೆ ಒಂದು ಗಿಟಾರ್ ಕೊಡಿಸಿದರು. ಜೊತೆಗೆ ಅಮೆರಿಕದ ಗಾಯಕ ಬಾಬ್ ಡಿಲನ್ ಹಾಡುಗಳ ಪುಸ್ತಕ. ಶಿನೇಡ್ ಹಾಡುಗಾರಿಕೆ ಶುರುವಾದದ್ದು ಅಲ್ಲಿಂದ. ಕೇಂದ್ರಕ್ಕೆ ಪಾಠ ಹೇಳಲು ಬರುತ್ತಿದ್ದ ಒಬ್ಬಾಕೆಯ ಮದುವೆಯಲ್ಲಿ ಹಾಡಿದಳು. ಆಕೆಯ ಅಣ್ಣ ‘ಇನ್ ಟುವಾ ನುವಾ’ ಎಂಬ ಬ್ಯಾಂಡಿನ ಡ್ರಮ್ಮರ್. ಹುಡುಗಿಯ ದನಿ ಕೇಳಿ ತಮ್ಮ ಮೊದಲ ಹಾಡೊಂದನ್ನು ಅವಳ ಜೊತೆ ಕೂತು ಬರೆದರು. ಚರ್ಚಿನ ಮೇಲೆ ಅಷ್ಟು ಸಿಟ್ಟಾದವಳ ಕೈಗೆ ವಾದ್ಯ ಕೊಟ್ಟದ್ದು ಚರ್ಚಿನ ಹೆಂಗಸೇ. ಶಿನೇಡ್ ಇದನ್ನು ಎಂದೂ ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ. ಅವಳ ಜಗಳ ದೇವರ ಜೊತೆ ಇರಲಿಲ್ಲ. ದೇವರ ಹೆಸರಲ್ಲಿ ಬಾಗಿಲು ಹಾಕಿಕೊಂಡವರ ಜೊತೆ ಇತ್ತು.

ಹದಿನೆಂಟರಲ್ಲಿ ಲಂಡನ್‌ಗೆ ಹೋದಳು. ಎನ್‌ಸೈನ್ ಎಂಬ ರೆಕಾರ್ಡ್ ಕಂಪನಿ ಅವಳನ್ನು ಒಪ್ಪಂದಕ್ಕೆ ತೆಗೆದುಕೊಂಡಿತು. ಕೂದಲು ಉದ್ದ ಬಿಡು, ಗಿಡ್ಡ ಲಂಗ ಹಾಕಿಕೋ, ನೋಡೋಕೆ ಚೆನ್ನಾಗಿರಲಿ ಅಂತ ಕಂಪನಿಯವರು ಸಲಹೆ ಕೊಟ್ಟರು. ಅವಳು ನೆಟ್ಟಗೆ ಕ್ಷೌರದಂಗಡಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದಳು. ಆ ಬೋಳುತಲೆ ಜಗತ್ತಿಗೆ ಫ್ಯಾಷನ್ನಾಗಿ ಕಂಡಿತು. ಅವಳ ಮಟ್ಟಿಗೆ ಅದು ಕಂಪನಿಗೆ ಬರೆದ ಉತ್ತರ.

ಮೊದಲ ಆಲ್ಬಂ ಹೊತ್ತಿಗೆ ಬಸುರಿ. ಡ್ರಮ್ಮರ್ ಜಾನ್ ರೆನಾಲ್ಡ್ಸ್ ಮಗುವಿನ ತಂದೆ. ಹಾಡುಗಾರಿಕೆ ಬೇಕೋ ಮಗು ಬೇಕೋ ನೋಡಿಕೋ ಅಂತ ಕಂಪನಿಯವರು ವೈದ್ಯರ ಬಾಯಿಂದ ಹೇಳಿಸಿದರು. ಅವಳು ಎರಡನ್ನೂ ಇಟ್ಟುಕೊಂಡಳು. ಕಂಪನಿ ಗೊತ್ತುಮಾಡಿದ ನಿರ್ಮಾಪಕರ ಜೊತೆ ಮಾಡಿದ ಹಾಡುಗಳು ಇಷ್ಟವಾಗದೆ ಎಲ್ಲವನ್ನೂ ಬಿಸಾಕಿದಳು. ಇಪ್ಪತ್ತರ ವಯಸ್ಸಿನಲ್ಲಿ, ತುಂಬು ಬಸುರಿಯಾಗಿ, ತಾನೇ ನಿರ್ಮಾಪಕಿಯಾಗಿ ಕೂತು ಮತ್ತೆ ರೆಕಾರ್ಡ್ ಮಾಡಿದಳು. ಅದು 1987ರಲ್ಲಿ ಬಂದ ‘ದ ಲಯನ್ ಅಂಡ್ ದ ಕೋಬ್ರಾ’. 1989ರಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಅದರದೇ ‘ಮ್ಯಾಂಡಿಂಕಾ’ ಹಾಡಿದಾಗ ಜೀನ್ಸಿನ ಹಿಂಬದಿಗೆ ಮಗನ ಪುಟ್ಟ ಉಡುಪೊಂದನ್ನು ಸಿಕ್ಕಿಸಿಕೊಂಡಿದ್ದಳು. ತಲೆಯ ಪಕ್ಕದಲ್ಲಿ ‘ಪಬ್ಲಿಕ್ ಎನಿಮಿ’ ರ‍್ಯಾಪ್ ತಂಡದ ಗುರುತು ಬರೆಸಿಕೊಂಡಿದ್ದಳು. ಆ ವರ್ಷ ಮೊದಲ ಬಾರಿಗೆ ರ‍್ಯಾಪ್‌ಗೆ ಪ್ರಶಸ್ತಿ ಇಟ್ಟಿದ್ದರು, ಆದರೆ ಅದನ್ನು ಟಿವಿಯಲ್ಲಿ ತೋರಿಸಲಿಲ್ಲ. ಅದಕ್ಕೆ ಪ್ರತಿಭಟನೆ. ನೋಡಿ, ಫೋಟೊ ಹರಿಯುವುದಕ್ಕೆ ಮೂರು ವರ್ಷ ಮೊದಲೇ ಅವಳು ಹೀಗಿದ್ದಳು. ಒಂದೇ ರಾತ್ರಿಯಲ್ಲಿ ತಲೆ ಕೆಟ್ಟದ್ದಲ್ಲ.

ಈಗ ಆ ಹಾಡಿಗೆ ಬರೋಣ.

‘ನಥಿಂಗ್ ಕಂಪೇರ್ಸ್ ಟು ಯು’ ಬರೆದದ್ದು ಅಮೆರಿಕದ ಗಾಯಕ ಪ್ರಿನ್ಸ್. ‘ದ ಫ್ಯಾಮಿಲಿ’ ಎಂಬ ತಂಡ 1985ರಲ್ಲಿ ಅದನ್ನು ಹಾಡಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರೀತಿಸಿದವರು ಬಿಟ್ಟುಹೋದ ಮೇಲೆ ದಿನ ಎಣಿಸುತ್ತಾ ಕೂತವರ ಹಾಡು. ಇಂಥ ಹಾಡು ಸಾವಿರ ಇವೆ. ಶಿನೇಡ್ 1990ರಲ್ಲಿ ತನ್ನ ಎರಡನೇ ಆಲ್ಬಂನಲ್ಲಿ ಹಾಡಿದಾಗ ಅದು ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ಕೂತಿತು. ಏನು ಮಾಡಿದಳು?

ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಸಾಲುಗಳಲ್ಲಿ ದನಿ ಮೈಕಿಗೆ ತೀರಾ ಹತ್ತಿರ. ಪಕ್ಕದಲ್ಲೇ ಕೂತು ಲೆಕ್ಕ ಒಪ್ಪಿಸುವ ಹಾಗೆ. ಹಿನ್ನೆಲೆಯಲ್ಲಿ ತಂತಿವಾದ್ಯಗಳ ಉದ್ದನೆಯ ಸ್ವರ, ಸಾವಕಾಶದ ಡ್ರಮ್ಮು, ಅಷ್ಟೇ. ಆಮೇಲೆ ಇದ್ದಕ್ಕಿದ್ದಂತೆ ದನಿ ಮೇಲೇರುತ್ತದೆ. ನಮ್ಮೆಲ್ಲರ ಗಂಟಲಲ್ಲೂ ಎದೆಯಿಂದ ಬರುವ ಗಟ್ಟಿ ದನಿ ಮುಗಿದು ತೆಳ್ಳನೆಯ ಮೇಲುದನಿ ಶುರುವಾಗುವ ಒಂದು ಜಾಗ ಇರುತ್ತದೆ. ಅಲ್ಲಿ ದನಿ ಒಡೆಯುತ್ತದೆ. ತರಬೇತಾದ ಗಾಯಕರು ಆ ಬಿರುಕು ಕೇಳದ ಹಾಗೆ ಸವರಿಕೊಂಡು ಹೋಗುತ್ತಾರೆ. ಶಿನೇಡ್ ಅದನ್ನು ಮುಚ್ಚುವುದಿಲ್ಲ. ಬೇಕೆಂದೇ ಅದರ ಮೇಲೆ ಕಾಲಿಡುತ್ತಾಳೆ. ಅಳು ತಡೆದುಕೊಂಡು ಮಾತಾಡುವಾಗ ನಮ್ಮ ದನಿ ಒಡೆಯುವುದು ಅದೇ ಜಾಗದಲ್ಲಿ. ಹಾಗಾಗಿ ಇಂಗ್ಲಿಷ್ ಬಾರದವರಿಗೂ ಇದು ಅಳುವಿನ ಹತ್ತಿರದ ಹಾಡು ಅಂತ ತಕ್ಷಣ ಗೊತ್ತಾಗುತ್ತದೆ. ಪಿಸುಮಾತಿಗೂ ಕೂಗಿಗೂ ನಡುವೆ ಮೆಟ್ಟಿಲೇ ಇಲ್ಲದ ಹಾಗೆ ಒಂದರಿಂದ ಇನ್ನೊಂದಕ್ಕೆ ಹಾರುವುದು ಅವಳ ವಿದ್ಯೆ.

ವಿಡಿಯೊ ನಿರ್ದೇಶಿಸಿದ್ದು ಜಾನ್ ಮೇಬರಿ. ಪ್ಯಾರಿಸ್ಸಿನ ಪಾರ್ಕೊಂದರಲ್ಲಿ ನಡೆದಾಡುವ ದೃಶ್ಯಗಳನ್ನು ಚಿತ್ರಿಸಿದ್ದರು. ಕೊನೆಗೆ ಉಳಿದದ್ದು ಬಹುಪಾಲು ಅವಳ ಮುಖವೇ. ಕಪ್ಪು ಹಿನ್ನೆಲೆ, ಕಪ್ಪು ಕಾಲರು, ಬೋಳುತಲೆ, ಎರಡು ದೊಡ್ಡ ಕಣ್ಣು. ಹಾಡಿನಲ್ಲಿ ಒಂದು ಕಡೆ ಹಿತ್ತಲಲ್ಲಿ ನೆಟ್ಟ ಹೂಗಿಡಗಳು ಬಾಡಿದ ಮಾತು ಬರುತ್ತದೆ, ಅದರಲ್ಲಿ ‘ಮಾಮಾ’ ಅನ್ನುವ ಕರೆ ಇದೆ. ಪ್ರಿನ್ಸ್ ಅದನ್ನು ಪ್ರೇಯಸಿಗೆ ಬರೆದಿರಬಹುದು. ಶಿನೇಡ್‌ಗೆ ಅಲ್ಲಿ ನೆನಪಾದದ್ದು ಐದು ವರ್ಷದ ಹಿಂದೆ ಸತ್ತ ಅಮ್ಮ. ಕಣ್ಣೀರು ಕೆಳಗಿಳಿಯಿತು. ಅಭಿನಯ ಅಲ್ಲ, ಮೊದಲೇ ತೀರ್ಮಾನಿಸಿದ್ದೂ ಅಲ್ಲ. ಕ್ಯಾಮೆರಾ ನಿಲ್ಲಿಸಲಿಲ್ಲ, ಅವಳೂ ಒರೆಸಿಕೊಳ್ಳಲಿಲ್ಲ.

ಅಂದರೆ, ಜಗತ್ತಿಗೆ ಗೊತ್ತಿರುವ ಶಿನೇಡ್‌ಳ ಎರಡೂ ಚಿತ್ರಗಳ ಹಿಂದೆ ಇರುವುದು ಒಬ್ಬಳೇ ಹೆಂಗಸು. ಅಳುವ ವಿಡಿಯೊದಲ್ಲಿ ಅಮ್ಮ. ಹರಿದ ಫೋಟೊದಲ್ಲೂ ಅಮ್ಮ. ಹೊಡೆದ ಅಮ್ಮನಿಗಾಗಿ ಅತ್ತದ್ದು ಹೇಗೆ ಅಂತ ಕೆಲವರು ಕೇಳುತ್ತಾರೆ. ಹೊಡೆತ ತಿಂದು ಬೆಳೆದ ಮಕ್ಕಳನ್ನು ಹತ್ತಿರದಿಂದ ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ.

ಹಾಡು ಗೆದ್ದ ಮೇಲೆ ಅವಳಿಗೆ ಉಸಿರು ಕಟ್ಟತೊಡಗಿತು. 1990ರ ಆಗಸ್ಟಿನಲ್ಲಿ ನ್ಯೂಜೆರ್ಸಿಯ ಸಂಗೀತ ಕಛೇರಿಗೆ ಮೊದಲು ಅಮೆರಿಕದ ರಾಷ್ಟ್ರಗೀತೆ ಹಾಕುತ್ತೇವೆ ಅಂದಾಗ ಬೇಡ ಅಂದಳು. ದೊಡ್ಡ ರಾದ್ಧಾಂತ. ಅದೇ ವೇದಿಕೆಯಲ್ಲಿ ಮರುದಿನ ಹಾಡಿದ ಫ್ರ್ಯಾಂಕ್ ಸಿನಾಟ್ರಾ ಅವಳಿಗೆ ಒದೆ ಕೊಡಬೇಕು ಅಂದರು. ರೇಡಿಯೊಗಳು ಅವಳ ಹಾಡು ನಿಲ್ಲಿಸಿದವು. ಸಾರಟೋಗಾ ಎಂಬ ಊರಿನಲ್ಲಿ ಅವಳ ಕಛೇರಿಯ ಹೊರಗೆ ಜನ ಧಿಕ್ಕಾರ ಕೂಗುತ್ತಿದ್ದರು. ಶಿನೇಡ್ ವಿಗ್ಗು, ಕಪ್ಪು ಕನ್ನಡಕ ಹಾಕಿಕೊಂಡು ಹೋಗಿ ಆ ಗುಂಪಿನಲ್ಲೇ ನಿಂತಳು. ಟಿವಿಯವರು ಬಂದು ಕೇಳಿದಾಗ ತಾನೂ ಅದೇ ಊರಿನವಳು ಅಂತ ಗಂಭೀರವಾಗಿ ಸಂದರ್ಶನವನ್ನೂ ಕೊಟ್ಟಳು. ಅವಳ ಬಗ್ಗೆ ಬರೆಯುವವರು ಈ ತುಂಟತನವನ್ನು ಯಾಕೋ ಬಿಟ್ಟುಬಿಡುತ್ತಾರೆ.

1991ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು, ಬೇಡ ಅಂತ ನಿರಾಕರಿಸಿದಳು. ಸಂಗೀತಕ್ಕಿಂತ ವ್ಯಾಪಾರವೇ ದೊಡ್ಡದಾಗಿದೆ ಅನ್ನುವುದು ಅವಳ ತಕರಾರು.

ಹೀಗೆ 1992 ಬಂತು. ಐರ್ಲೆಂಡಿನಲ್ಲಿ ಆ ವರ್ಷ ಫೆಬ್ರವರಿಯಲ್ಲೇ ಒಂದು ಕಿಚ್ಚು ಹೊತ್ತಿತ್ತು. ಅತ್ಯಾಚಾರಕ್ಕೆ ಒಳಗಾಗಿ ಬಸುರಾದ ಹದಿನಾಲ್ಕು ವರ್ಷದ ಹುಡುಗಿ ಗರ್ಭಪಾತಕ್ಕೆಂದು ಇಂಗ್ಲೆಂಡಿಗೆ ಹೋಗದಂತೆ ಕೋರ್ಟು ತಡೆದಿತ್ತು. 1983ರಲ್ಲಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದು, ಹೊಟ್ಟೆಯಲ್ಲಿರುವ ಭ್ರೂಣಕ್ಕೂ ತಾಯಿಗೂ ಬದುಕುವ ಹಕ್ಕು ಸಮ ಅಂತ ಬರೆದಿದ್ದರು. ಅದರ ಫಲ ಇದು. ಜನ ಬೀದಿಗಿಳಿದರು, ಮೇಲಿನ ಕೋರ್ಟು ತಡೆಯನ್ನು ತೆಗೆಯಿತು. ಆ ಹೋರಾಟದಲ್ಲಿ ಶಿನೇಡ್ ಕೂಡ ಇದ್ದಳು.

ಅದೇ ಎಂಟನೇ ತಿದ್ದುಪಡಿ ಇಪ್ಪತ್ತು ವರ್ಷ ಕಳೆದ ಮೇಲೂ ಕಾನೂನಾಗಿ ಕೂತಿತ್ತು ಅನ್ನುವುದು ಕನ್ನಡಿಗರಿಗೆ ನೆನಪಿರಬೇಕು. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಹೋದ ಸವಿತಾ ಹಾಲಪ್ಪನವರ್ ನಮ್ಮ ಬೆಳಗಾವಿಯ ದಂತವೈದ್ಯೆ. ಹದಿನೇಳು ವಾರದ ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆ ಅನ್ನುವ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ. ನಂಜು ಏರಿತು. 31 ವರ್ಷ. ಇದು ಕ್ಯಾಥೊಲಿಕ್ ದೇಶ ಅಂತ ಆಸ್ಪತ್ರೆಯಲ್ಲಿ ಅವರಿಗೆ ಹೇಳಿದ್ದರೆಂಬುದು ಆಮೇಲೆ ವಿಚಾರಣೆಯಲ್ಲಿ ಹೊರಬಂತು. 2018ರ ಮೇ ತಿಂಗಳ ಜನಮತ ಗಣನೆಯಲ್ಲಿ ನೂರಕ್ಕೆ 66 ಜನ ಆ ತಿದ್ದುಪಡಿ ಕಿತ್ತುಹಾಕಿ ಅಂದಾಗ ಡಬ್ಲಿನ್‌ನ ಗೋಡೆಯೊಂದರ ಮೇಲೆ ಸವಿತಾ ಮುಖ ಇತ್ತು. ಅದರ ಸುತ್ತ ಜನ ಚೀಟಿ ಅಂಟಿಸಿ ಕ್ಷಮೆ ಕೇಳಿದ್ದರು.

ಮತ್ತೆ ನ್ಯೂಯಾರ್ಕಿನ ಸ್ಟುಡಿಯೊಗೆ. ಚರ್ಚಿನ ಒಳಗೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ದೂರು ಕೊಡಲು ಹೋದ ಕುಟುಂಬಗಳ ಬಾಯಿ ಮುಚ್ಚಿಸುತ್ತಿದ್ದಾರೆ ಅಂತ ಅವಳು ಪತ್ರಿಕೆಯಲ್ಲಿ ಓದಿದ್ದಳು. ‘ವಾರ್’ ಹಾಡನ್ನು ಆರಿಸಿದ್ದು ಯೋಚಿಸಿಯೇ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಮಾಡಿದ ಭಾಷಣವನ್ನೇ ಮಾರ್ಲಿ ಹಾಡಾಗಿಸಿದ್ದ. ಶಿನೇಡ್ ಅದರೊಳಗೆ ಮಕ್ಕಳ ಮೇಲಿನ ದೌರ್ಜನ್ಯ ಅನ್ನುವ ಮಾತನ್ನು ಸೇರಿಸಿದಳು. ರಿಹರ್ಸಲ್‌ನಲ್ಲಿ ಪೋಪ್ ಫೋಟೊ ಇರಲಿಲ್ಲ, ಒಂದು ಮಗುವಿನ ಫೋಟೊ ಹಿಡಿದಿದ್ದಳು. ಆ ಹೊತ್ತಿಗೆ ಕ್ಯಾಮೆರಾ ಹತ್ತಿರಕ್ಕೆ ತನ್ನಿ ಅಂತ ಹೇಳಿದ್ದಳು. ಕ್ಯಾಮೆರಾದವರು ಹೇಳಿದ ಹಾಗೆ ಮಾಡಿದರು, ಪಾಪ.

ಫೋಟೊ ಹರಿಯುವ ಐಡಿಯಾ ಬಂದದ್ದಕ್ಕೂ ಒಂದು ಐರಿಷ್ ಮೂಲ ಇದೆ. 1978ರಲ್ಲಿ ಬ್ರಿಟಿಷ್ ಟಿವಿಯ ಹಾಡಿನ ಕಾರ್ಯಕ್ರಮದಲ್ಲಿ ಐರ್ಲೆಂಡಿನ ಗಾಯಕ ಬಾಬ್ ಗೆಲ್ಡಾಫ್, ನಟ ಜಾನ್ ಟ್ರವೋಲ್ಟಾನ ಚಿತ್ರ ಹರಿದಿದ್ದ. ಟ್ರವೋಲ್ಟಾನ ಹಾಡನ್ನು ಮೊದಲ ಸ್ಥಾನದಿಂದ ಕೆಳಗಿಳಿಸಿದ ಖುಷಿಗೆ. ಹನ್ನೊಂದು ವರ್ಷದ ಶಿನೇಡ್‌ಗೆ ಅದು ತಲೆಯಲ್ಲಿ ಉಳಿದಿತ್ತು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಎನ್‌ಬಿಸಿ ಚಾನೆಲ್ಲಿಗೆ ಸಾವಿರಾರು ದೂರು. ಮುಂದಿನ ವಾರ ಅದೇ ವೇದಿಕೆಯಲ್ಲಿ ನಟ ಜೋ ಪೆಸ್ಕಿ, ಅಂಟಿಸಿದ ಅದೇ ಪೋಪ್ ಫೋಟೊ ತೋರಿಸಿ, ತಾನಿದ್ದಿದ್ದರೆ ಅವಳಿಗೆ ಬಾರಿಸುತ್ತಿದ್ದೆ ಅಂದ. ಜನ ನಕ್ಕು ಚಪ್ಪಾಳೆ ತಟ್ಟಿದರು. ನ್ಯೂಯಾರ್ಕಿನ ಬೀದಿಯಲ್ಲಿ ಅವಳ ರೆಕಾರ್ಡುಗಳನ್ನು ರಾಶಿ ಹಾಕಿ ರೋಡ್ ರೋಲರ್ ಹತ್ತಿಸಿದರು. ಹದಿಮೂರು ದಿನ ಕಳೆದು ಬಾಬ್ ಡಿಲನ್ ಗೌರವಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ದೊಡ್ಡ ಕಛೇರಿ. ಶಿನೇಡ್ ವೇದಿಕೆ ಹತ್ತಿದ ಕೂಡಲೇ ಅರ್ಧ ಜನರ ಕೂಗಾಟ, ಅರ್ಧ ಜನರ ಹುರಿದುಂಬಿಸುವ ಸದ್ದು. ಎರಡೂ ಸೇರಿ ಏನೂ ಕೇಳದಂತಾಯಿತು. ವಾದ್ಯದವರು ಡಿಲನ್ ಹಾಡು ಶುರುಮಾಡಲು ನೋಡಿದರು. ಅವಳು ಕೈಯೆತ್ತಿ ನಿಲ್ಲಿಸಿದಳು. ಮತ್ತೆ ‘ವಾರ್’ ಹಾಡನ್ನೇ ಗಂಟಲು ಕಿತ್ತುಹೋಗುವಂತೆ ಕೂಗಿ ಹೇಳಿದಳು. ಅವಳನ್ನು ಕೆಳಗಿಳಿಸಿ ಅಂತ ಕಳಿಸಿದ ಹಿರಿಯ ಗಾಯಕ ಕ್ರಿಸ್ ಕ್ರಿಸ್ಟೊಫರ್ಸನ್ ಬಂದು, ಇಳಿಸುವ ಬದಲು, ಈ ನನ್ಮಕ್ಕಳಿಗೆಲ್ಲ ಹೆದರಬೇಡ ಅಂತ ಕಿವಿಯಲ್ಲಿ ಹೇಳಿದ. ಕೆಳಗೆ ಬಂದು ಅವನನ್ನು ತಬ್ಬಿಕೊಂಡು ಅತ್ತಳು. ಗಿಟಾರ್ ಕೊಡಿಸಿದ ಸಿಸ್ಟರ್ ಕೈಗಿತ್ತ ಪುಸ್ತಕವೂ ಡಿಲನ್‌ನದೇ ಆಗಿತ್ತಲ್ಲ.

ಅಮೆರಿಕದವರಿಗೆ ಅದು ಅರ್ಥವಾಗಲಿಲ್ಲ ಅನ್ನುವುದನ್ನು ಒಪ್ಪಬಹುದು. ಅವಳೂ ಆ ರಾತ್ರಿ ಬಿಡಿಸಿ ಹೇಳಲಿಲ್ಲ. ಮ್ಯಾಗ್ಡಲೀನ್ ಲಾಂಡ್ರಿ ಅಂದರೇನು ಅಂತ ಅಲ್ಲಿ ಯಾರಿಗೆ ಗೊತ್ತಿತ್ತು? ಆದರೆ ತಾಯ್ನಾಡಿನಲ್ಲಿ ನೆಲವೇ ಬಾಯಿಬಿಡಲು ಶುರುಮಾಡಿತು. ಇದು ಮಾತಿನ ಅಲಂಕಾರ ಅಲ್ಲ. ಮರುವರ್ಷವೇ, 1993ರಲ್ಲಿ, ಹೈ ಪಾರ್ಕ್ ಕಾನ್ವೆಂಟಿನವರು ತಮ್ಮ ಜಮೀನಿನ ಒಂದು ಭಾಗ ಮಾರಿದರು. ಅದರಲ್ಲಿ ಸ್ಮಶಾನವಿತ್ತು. 133 ಹೆಂಗಸರ ಅವಶೇಷ ತೆಗೆಯಲು ಅನುಮತಿ ಪಡೆದಿದ್ದರು. ಅಗೆದಾಗ ಇನ್ನೂ 22 ಸಿಕ್ಕವು. ಒಟ್ಟು 155. ಎಷ್ಟೋ ಜನರ ಸಾವನ್ನು ಎಲ್ಲೂ ದಾಖಲಿಸಿಯೇ ಇರಲಿಲ್ಲ. ಕೆಲವರಿಗೆ ಲಾಂಡ್ರಿಯಲ್ಲಿ ಕೊಟ್ಟ ಹೆಸರು ಬಿಟ್ಟರೆ ಬೇರೆ ಹೆಸರೇ ಪತ್ತೆಯಾಗಲಿಲ್ಲ. ಹದಿನೈದರ ಶಿನೇಡ್ ಕತ್ತಲಲ್ಲಿ ಮುದುಕಿಯರ ಕೂಗು ಕೇಳಿದ್ದು ಇದೇ ಆವರಣದಲ್ಲಿ.

ಆಮೇಲೆ ಒಂದರ ಹಿಂದೊಂದು. 1994ರಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಬ್ರೆಂಡನ್ ಸ್ಮಿತ್ ಎಂಬ ಪಾದ್ರಿಯ ಪ್ರಕರಣದಿಂದ ಐರಿಷ್ ಸರ್ಕಾರವೇ ಬಿತ್ತು. 2002ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಪತ್ರಿಕೆಯೊಂದು ಅಲ್ಲಿನ ಚರ್ಚಿನ ಮುಚ್ಚುಮರೆಯನ್ನು ಬಯಲಿಗೆಳೆಯಿತು. 2009ರಲ್ಲಿ ರಯಾನ್ ವರದಿ ಬಂತು. ಚರ್ಚಿನವರು ನಡೆಸುತ್ತಿದ್ದ ಮಕ್ಕಳ ಸಂಸ್ಥೆಗಳಲ್ಲಿ ದಶಕಗಟ್ಟಲೆ ಏನೇನು ನಡೆಯಿತು ಅಂತ ಎರಡು ಸಾವಿರಕ್ಕೂ ಹೆಚ್ಚು ಪುಟ. 2010ರಲ್ಲಿ ಪೋಪ್ ಬೆನೆಡಿಕ್ಟ್ ಐರಿಷ್ ಕ್ಯಾಥೊಲಿಕ್‌ರಿಗೆ ವಿಷಾದದ ಪತ್ರ ಬರೆದರು. 2013ರ ಫೆಬ್ರವರಿಯಲ್ಲಿ ಪ್ರಧಾನಿ ಎಂಡಾ ಕೆನಿ ಲಾಂಡ್ರಿಯ ಹೆಂಗಸರ ಕ್ಷಮೆ ಕೇಳುತ್ತಾ ಸಂಸತ್ತಿನಲ್ಲೇ ಗದ್ಗದಿತರಾದರು. ಶಿನೇಡ್ ಅಂದದ್ದು ಸುಳ್ಳಾಗಿರಲಿಲ್ಲ. ಎಲ್ಲರಿಗಿಂತ ಮೊದಲು ಅಂದುಬಿಟ್ಟಿದ್ದಳು, ಅಷ್ಟೇ.

ಕೆರಿಯರ್ ಹಾಳಾಯಿತು ಅನ್ನುವ ಮಾತನ್ನು ಅವಳು ಒಪ್ಪುತ್ತಿರಲಿಲ್ಲ. ಮೊದಲ ಸ್ಥಾನಕ್ಕೆ ಹೋದ ಹಾಡೇ ತನ್ನನ್ನು ಹಳಿ ತಪ್ಪಿಸಿತ್ತು, ಫೋಟೊ ಹರಿದದ್ದು ಮತ್ತೆ ಹಳಿಗೆ ತಂದಿತು ಅನ್ನುವುದು ಅವಳ ವಾದ. ಪಾಪ್ ತಾರೆಯಾಗುವ ಆಸೆ ತನಗಿರಲಿಲ್ಲ, ತಾನು ಪ್ರತಿಭಟನೆಯ ಹಾಡುಗಾರ್ತಿ ಅನ್ನುತ್ತಿದ್ದಳು. ಪೂರ್ತಿ ನಿಜವೋ ನೋವು ಮರೆಯುವ ದಾರಿಯೋ ಹೇಳುವುದು ಕಷ್ಟ. ಆದರೆ ಆಮೇಲಿನ ಆಲ್ಬಂಗಳನ್ನು ನೋಡಿದರೆ ವಾದಕ್ಕೆ ಬಲ ಇದೆ ಅನಿಸುತ್ತದೆ. 1994ರ ‘ಯೂನಿವರ್ಸಲ್ ಮದರ್’, ಐರ್ಲೆಂಡಿನ ಹಳೇ ಜನಪದ ಹಾಡುಗಳ ‘ಶಾನ್-ನೋಸ್ ನುವಾ’, 2005ರಲ್ಲಿ ಜಮೈಕಾಕ್ಕೇ ಹೋಗಿ ಅಲ್ಲಿನ ಸಂಗೀತಗಾರರ ಜೊತೆ ಮಾಡಿದ ರೆಗ್ಗೆ ಆಲ್ಬಂ. ಮಾರುಕಟ್ಟೆ ಕೇಳುತ್ತಿದ್ದುದನ್ನು ಒಂದರಲ್ಲೂ ಕೊಡಲಿಲ್ಲ. ನನಗಂತೂ ‘ನಥಿಂಗ್ ಕಂಪೇರ್ಸ್’ಗಿಂತ ಆ ಜನಪದ ಹಾಡುಗಳ ದನಿಯೇ ಹೆಚ್ಚು ಇಷ್ಟ. ಅಲ್ಲಿ ಅವಳಿಗೆ ಯಾರನ್ನೂ ಗೆಲ್ಲುವ ಹಟವಿಲ್ಲ.

ದೇವರನ್ನು ಬಿಡಲಿಲ್ಲ. 1999ರಲ್ಲಿ ವ್ಯಾಟಿಕನ್ ಒಪ್ಪದ ಒಂದು ಸ್ವತಂತ್ರ ಪಂಗಡದಲ್ಲಿ ಪಾದ್ರಿಯಾದಳು. 2018ರಲ್ಲಿ ಇಸ್ಲಾಂ ಸೇರಿ ಶುಹದಾ ಸದಾಕತ್ ಅಂತ ಹೆಸರಿಟ್ಟುಕೊಂಡಳು, ವೇದಿಕೆಯಲ್ಲಿ ಮಾತ್ರ ಹಳೇ ಹೆಸರು. ನಡುವೆ ಮಾನಸಿಕ ಅನಾರೋಗ್ಯ, ಆಸ್ಪತ್ರೆ, ಮುರಿದ ಮದುವೆಗಳು. ಎಲ್ಲವನ್ನೂ ಸಾರ್ವಜನಿಕವಾಗಿಯೇ ಹೇಳಿಕೊಂಡಳು, ಪತ್ರಿಕೆಗಳು ಅದನ್ನು ತಮಾಷೆಯಾಗಿ ಉಣ್ಣಿಸಿದವು. 2022ರ ಜನವರಿಯಲ್ಲಿ ಹದಿನೇಳು ವರ್ಷದ ಮಗ ಶೇನ್ ತೀರಿಕೊಂಡ. ಅದರಿಂದ ಅವಳು ಚೇತರಿಸಿಕೊಳ್ಳಲಿಲ್ಲ ಅಂತಲೇ ಹೇಳಬೇಕು.

2023ರ ಮಾರ್ಚಿನಲ್ಲಿ ಐರ್ಲೆಂಡಿನ ಸಂಗೀತ ಪ್ರಶಸ್ತಿ ಸಮಾರಂಭವೊಂದರಲ್ಲಿ 1990ರ ಆ ಎರಡನೇ ಆಲ್ಬಂಗೆ ‘ಕ್ಲಾಸಿಕ್ ಐರಿಷ್ ಆಲ್ಬಂ’ ಪ್ರಶಸ್ತಿ ಕೊಟ್ಟರು. ಈ ಪ್ರಶಸ್ತಿಯನ್ನು ಅವಳು ನಿರಾಕರಿಸಲಿಲ್ಲ. ವೇದಿಕೆಗೆ ಬಂದು, ಐರ್ಲೆಂಡಿಗೆ ಬಂದಿರುವ ನಿರಾಶ್ರಿತರಿಗೆ ಇದು ಅಂತ ಹೇಳಿ ತೆಗೆದುಕೊಂಡಳು. ಅದೇ ಜುಲೈ 26ರಂದು ಲಂಡನ್‌ನ ಮನೆಯಲ್ಲಿ ತೀರಿಕೊಂಡಳು. 56 ವರ್ಷ. ಸಹಜ ಸಾವು ಅಂತ ಆಮೇಲೆ ಅಧಿಕಾರಿಗಳು ತಿಳಿಸಿದರು.

ಆಗಸ್ಟ್ 8ರಂದು ಅಂತ್ಯಸಂಸ್ಕಾರ. ಡಬ್ಲಿನ್ ಪಕ್ಕದ ಬ್ರೇ ಎಂಬ ಕಡಲೂರಿನಲ್ಲಿ ಅವಳು ಹದಿನೈದು ವರ್ಷ ವಾಸವಾಗಿದ್ದಳು. ಆ ಮನೆಯ ಮುಂದಿನ ಸಮುದ್ರದ ರಸ್ತೆಯುದ್ದಕ್ಕೂ ಸಾವಿರಾರು ಜನ. ಒಳಗೆ ಇಮಾಮ್ ಪ್ರಾರ್ಥನೆ ಹೇಳಿದ್ದರು, ದೇಶದ ಅಧ್ಯಕ್ಷರು ಬಂದಿದ್ದರು. ಶವದ ಗಾಡಿಯ ಮುಂದೆ ಒಂದು ಹಳೇ ಫೋಕ್ಸ್‌ವ್ಯಾಗನ್ ವ್ಯಾನು, ಅದರ ಮೇಲೆ ಸ್ಪೀಕರು. ಸ್ಪೀಕರಿನಲ್ಲಿ ಜೋರಾಗಿ ಬಾಬ್ ಮಾರ್ಲಿ. ಗಾಡಿ ನಿಧಾನಕ್ಕೆ ಮನೆಯ ಮುಂದೆ ಬಂತು. ಜನ ಅದರ ಮೇಲೆ ಹೂ ಎಸೆದರು, ಚಪ್ಪಾಳೆ ತಟ್ಟಲು ಶುರುಮಾಡಿದರು. ಗಾಡಿ ಕಣ್ಮರೆಯಾಗುವ ತನಕ ತಟ್ಟುತ್ತಲೇ ಇದ್ದರು.